ಕೇಳಿದವರ ಹೆಸರಿಲ್ಲ

ಇದು ನಡೆದದ್ದು ನಿಜ. ಆದರೆ ಎಲ್ಲವೂ ನಾನು ಹೇಳುವ ಹಾಗೆಯೇ ಇತ್ತು ಎಂದು ಆಣೆ ಮಾಡಲಾರೆ. ನರ್ಸ್ ಶಾಹಿದಾ ಆ ರಾತ್ರಿ ಹಸಿರು ಸ್ವೆಟರ್ ಹಾಕಿದ್ದಳೆಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ತನ್ನ ಹತ್ತಿರ ಹಸಿರು ಸ್ವೆಟರೇ ಇಲ್ಲ ಎನ್ನುತ್ತಾಳೆ ಅವಳು. ಮರುದಿನವೇ ಬರೆದದ್ದು ಹೀಗಾದರೆ ಉಳಿದದ್ದರ ಗತಿಯೇನು? ಆದರೂ ಒಂದು ಕಾಗದ ನನ್ನ ಬಳಿ ಇದೆ, ಆ ರಾತ್ರಿಯೇ ಮುದ್ರಿಸಿಕೊಂಡದ್ದು. ಅದನ್ನು ನೋಡಿದಾಗಲೆಲ್ಲ ಅನುಮಾನ ಕಡಿಮೆಯಾಗುತ್ತದೆ, ಭಯ ಹೆಚ್ಚಾಗುತ್ತದೆ.

ಹಾನಗಲ್ಲಿನ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೊದಲು ಆ ಕೆಲಸದಲ್ಲಿದ್ದವರು ಅಪ್ಪನ ತಮ್ಮ, ಗುರುರಾಜ ಕಾಕಾ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಸರ್ವರ್ ಕೂಡಿಸಿದವರು ಅವರೇ. ಜಿರಳೆ ಬರಬಾರದೆಂದು ಅದರ ಹಿಂದೆ ಡಾಂಬರು ಗುಳಿಗೆ ಇಡುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು ಇಡಲಿಲ್ಲ. ಆ ವಾಸನೆ ನನಗಾಗುವುದಿಲ್ಲ.

ರೋಗಿ ಮನೆಗೆ ಹೋದಾಗ ಅಥವಾ ತೀರಿಕೊಂಡಾಗ ಕಡತ ಮುಚ್ಚುವ ತಂತ್ರಾಂಶಕ್ಕೆ ಒಂದು ಹಟವಿತ್ತು. ಅಡ್ಮಿನ್ ಅಧಿಕಾರ ಇದ್ದವರು ತೆರೆದರೆ ಮಾತ್ರ ತೆರೆಯುತ್ತಿತ್ತು. ರಾತ್ರಿ ಪಾಳಿಯ ನರ್ಸುಗಳಿಗೆ ಆ ಅಧಿಕಾರವಿಲ್ಲ, ಪಾಸ್‌ವರ್ಡನ್ನು ಎಲ್ಲರ ಕೈಗೂ ಕೊಡುವಂತಿಲ್ಲ. ಹಾಗಾಗಿ ಅವರ ಪರದೆಯ ಮೇಲೆ ಒಂದು ಗುಂಡಿ ಮಾಡಿಕೊಟ್ಟೆ. ಒತ್ತಿದರೆ ಆ ಒಂದು ತಂತ್ರಾಂಶ ಮಾತ್ರ ಅಡ್ಮಿನ್ ಹೆಸರಿನಲ್ಲಿ ಓಡುತ್ತದೆ, ಪಾಸ್‌ವರ್ಡ್ ಕೇಳುವುದಿಲ್ಲ.

ಶಾಹಿದಾಗೆ ತಿಳಿಸಿ ಹೇಳಿದ್ದೆ. “ನಮ್ಮ ಮನ್ಯಾಗ ಕಾಕು, ಗುರುರಾಜ ಕಾಕಾನ ಹೆಂಡ್ತಿ, ಮಡೀಲೆ ಅಡಿಗಿ ಮನ್ಯಾಗ ಇರ್ತಾರ. ನಾವು ಹೊಸ್ತಿಲ ಹೊರಗ ನಿಂತು ಕೇಳ್ತೇವಿ, ಅವ್ರು ಒಳಗಿಂದ ಕೊಡ್ತಾರ. ಒಳಗ ಕಾಲಿಡೂದ ಬ್ಯಾಡ. ಇದೂ ಹಂಗ.”

“ಮತ್ತ ಇದರೊಳಗ ಕುಂತವ್ರು ಯಾರ್ರಿ ಮೇಡಂ?”

ಅಲ್ಲೇ ನನ್ನ ತಪ್ಪಿತ್ತು. ಹೊಸ ಖಾತೆ ತೆರೆಯುವ ಬದಲು ಕಾಕಾನ ಹಳೆಯ ಖಾತೆಗೇ ಗುಂಡಿಯನ್ನು ಜೋಡಿಸಿದ್ದೆ. ಸೋಮಾರಿತನವೋ, ಅವರ ಹೆಸರನ್ನು ಅಳಿಸಲು ಕೈ ಬಾರದ್ದೋ... ಇಂದಿಗೂ ಗೊತ್ತಿಲ್ಲ. ಪ್ರತಿ ಕಡತದ ಕೊನೆಗೆ ಎರಡು ಹೆಸರು ದಾಖಲಾಗುತ್ತಿದ್ದವು. ಕೇಳಿದವರು: ಗುಂಡಿ ಒತ್ತಿದ ನರ್ಸ್. ಮಾಡಿದವರು: ಗುರುರಾಜ.

“ಸತ್ತ ಮ್ಯಾಲೂ ಡ್ಯೂಟಿ ಬಿಟ್ಟಿಲ್ಲ ನೋಡ್ರಿ ನಿಮ್ಮ ಕಾಕಾ! ರಜಾನೂ ಕೇಳಂಗಿಲ್ಲ, ಚಾನೂ ಕೇಳಂಗಿಲ್ಲ,” ಎಂದು ಶಾಹಿದಾ ನಗುತ್ತಿದ್ದಳು. ಸವಣೂರಿನವಳು, ಮಾತಿಗೆ ಬಡತನವಿಲ್ಲ. ನಾನೂ ನಕ್ಕಿದ್ದೆ.

ಚಳಿಗಾಲದಲ್ಲಿ ಕಾಕು ನ್ಯುಮೋನಿಯಾ ಆಗಿ ಅದೇ ಆಸ್ಪತ್ರೆ ಸೇರಿದರು. ನಾಲ್ಕನೇ ಹಾಸಿಗೆ. ಮೂರನೆಯ ದಿನಕ್ಕೆ ಜ್ವರ ಇಳಿದಿತ್ತು, ನಾಡಿದ್ದು ಮನೆಗೆ ಹೋಗಬಹುದು ಎಂದಿದ್ದರು ಡಾಕ್ಟರು. ಆ ರಾತ್ರಿ ಜೊತೆಗೆ ಮಲಗಿದವಳು ನಾನು.

ಮೂರು ಗಂಟೆ ದಾಟಿದ ಮೇಲೆ ಪಿಸುಮಾತು ಕೇಳಿ ಎಚ್ಚರವಾಯಿತು. ಕಾಕು ಗೋಡೆಯ ಕಡೆ ತಿರುಗಿ ಮಲಗಿದ್ದರು.

“ಸಾಕಾಗೇದರಿ ನನಗ... ಕೇಳಸ್ತದೇನ್ರಿ?”

ಕನವರಿಕೆ ಎಂದುಕೊಂಡೆ. ಮತ್ತೆ ಕಣ್ಣು ಮುಚ್ಚುವಷ್ಟರಲ್ಲಿ ಒಂದು ವಾಸನೆ... ಡಾಂಬರು ಗುಳಿಗೆಯ ವಾಸನೆ. ತೆಳ್ಳಗೆ, ಆದರೆ ಗಂಟಲಿಗೆ ಹತ್ತುವಂಥದ್ದು.

ಅಷ್ಟರಲ್ಲಿ ಶಾಹಿದಾ ಬಾಗಿಲಿಗೆ ಬಂದಳು. ಮುಖದಲ್ಲಿ ನಗುವಿರಲಿಲ್ಲ.

“ಮೇಡಂ, ಒಂದೀಟು ಬರ್ರಿ ಇಲ್ಲಿ. ದನಿ ಮಾಡಬ್ಯಾಡ್ರಿ.”

ಅವಳ ಮೇಜಿನ ಪರದೆಯ ಮೇಲೆ ನಾಲ್ಕನೇ ಹಾಸಿಗೆಯ ಕಡತ ಮುಚ್ಚಿತ್ತು. ಕಾರಣ: ಮರಣ. ಸಮಯ: ನಾಲ್ಕು ಗಂಟೆ ಹತ್ತು ನಿಮಿಷ.

ಗೋಡೆಯ ಗಡಿಯಾರದಲ್ಲಿ ಮೂರೂ ಇಪ್ಪತ್ತೈದು.

“ನೀನ ಒತ್ತಿಯೇನು?”

“ಖುದಾನ ಆಣಿ, ನಾ ಮುಟ್ಟಿಲ್ರಿ. ನೋಡನೋಡತ ತಾನ ತುಂಬಕೋತ ಹೋತು.”

ಅವಳಿಂದ ದಾಖಲೆ ತೆಗೆಸಿ ಮುದ್ರಿಸಿದೆ. ಮಾಡಿದವರು: ಗುರುರಾಜ. ಕೇಳಿದವರು... ಆ ಜಾಗ ಖಾಲಿ. ಅದು ಖಾಲಿ ಇರಲು ಸಾಧ್ಯವಿಲ್ಲ. ಯಾರೂ ಕೇಳದೆ ಅದು ಓಡದಂತೆ ನಾನೇ ಮಾಡಿದ್ದೆ.

ಡಾಕ್ಟರನ್ನು ಎಬ್ಬಿಸಿದೆವು. ನಾಡಿ ನೋಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. “ಎಲ್ಲಾ ಬರೋಬ್ಬರಿ ಅದ. ನಿಮ್ಮ ಕಂಪ್ಯೂಟರಿಗೆ ಜ್ವರ ಬಂದ್ರ ನನ್ನ ಯಾಕ ಎಬ್ಬಸ್ತೀರಿ?” ಎಂದು ತಮ್ಮ ಕೋಣೆಗೆ ಹೋದರು.

ಕಡತವನ್ನು ಮತ್ತೆ ತೆರೆಯಲು ನೋಡಿದೆ. ನನ್ನ ಹೆಸರಿನಿಂದ, ನನ್ನ ಪೂರ್ಣ ಅಧಿಕಾರದಿಂದ. ‘ನಿಮಗೆ ಅನುಮತಿ ಇಲ್ಲ’ ಎಂದಿತು. ಮೂರು ಸಲವೂ ಅದೇ.

ನಾಲ್ಕು ಗಂಟೆಗೆ ಕಾಕುವಿನ ಉಸಿರು ಬದಲಾಯಿತು. ಒಂದು ಉಸಿರು... ಬಹಳ ಹೊತ್ತು ಏನೂ ಇಲ್ಲ... ಮತ್ತೊಂದು. ಬೆರಳಿಗೆ ಹಾಕಿದ ಯಂತ್ರದಲ್ಲಿ ಅಂಕಿ ಇಳಿಯುತ್ತಿತ್ತು. ಎಂಬತ್ತೆಂಟು. ಎಂಬತ್ತೊಂದು. ಶಾಹಿದಾ ಆಕ್ಸಿಜನ್ ಏರಿಸುತ್ತ ಡಾಕ್ಟರನ್ನು ಕೂಗಿದಳು. ನಾನು ಕಾಕುವಿನ ಕೈ ಬಿಟ್ಟು ಮೆಟ್ಟಿಲ ಕೆಳಗಿನ ಕೋಣೆಗೆ ಓಡಿದೆ.

ಬೀಗ ತೆಗೆದೆ. ವಾಸನೆ ಮುಖಕ್ಕೆ ಹೊಡೆಯಿತು. ಸರ್ವರಿನ ಫ್ಯಾನು ಯಾರೋ ಏದುಸಿರು ಬಿಟ್ಟ ಹಾಗೆ ಸದ್ದು ಮಾಡುತ್ತಿತ್ತು. ಅದರ ಮುಂದಿನ ಕುರ್ಚಿಯ ಮೇಲೆ ಕುಳಿತೆ. ಕುರ್ಚಿ ಬೆಚ್ಚಗಿತ್ತು. ಯಂತ್ರದ ಬಿಸಿಗಾಳಿ ಆ ಕಡೆಗೇ ಬರುತ್ತದೆ, ಅದಕ್ಕೇ ಇರಬೇಕು... ಇರಬೇಕು.

ಕಾಕಾನ ಖಾತೆ ತೆರೆದು ಅಳಿಸಲು ಹೇಳಿದೆ. ‘ಖಚಿತವೇ?’ ಎಂದು ಕೇಳಿತು. “ತಪ್ಪು ತಿಳೀಬ್ಯಾಡ ಕಾಕಾ,” ಎಂದು ಜೋರಾಗಿ ಹೇಳಿದೆ ಎಂದು ನೆನಪು. ಒತ್ತಿದೆ. ಫ್ಯಾನಿನ ಸದ್ದು ಇಳಿಯಿತು.

ಮೇಲೆ ಬಂದಾಗ ನಾಲ್ಕೂ ಹನ್ನೆರಡು. ಡಾಕ್ಟರು ಹಣೆ ಒರೆಸಿಕೊಳ್ಳುತ್ತಿದ್ದರು. ಅಂಕಿ ತೊಂಬತ್ತಕ್ಕೆ ಏರಿತ್ತು. ಕಾಕು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು. ಆಕ್ಸಿಜನ್ ಮಾಸ್ಕ್ ಸರಿಸಿ, ಹಿಂದೆಂದೂ ನನ್ನೊಡನೆ ಆಡದ ದನಿಯಲ್ಲಿ ಅಂದರು:

“ಅವ್ರನ್ನ ಕುರ್ಚಿ ಮ್ಯಾಲಿಂದ ಯಾಕ ಎಬ್ಬಿಸಿ ಕಳಿಸಿದಿ?”

ನಾನು ಕೆಳಗೆ ಏನು ಮಾಡಿದೆನೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶಾಹಿದಾಗೆ ಸಹ.

ಬೆಳಿಗ್ಗೆ ಯಾರ ಗುಂಡಿಯೂ ಕೆಲಸ ಮಾಡಲಿಲ್ಲ. ಕೆಲವು ದಿನ ನರ್ಸುಗಳು ಕಾಗದದಲ್ಲೇ ಬರೆದರು, ನನ್ನನ್ನು ಬೈದರು. ಈಗ ಬೇರೆ ಖಾತೆ ಇದೆ. ಅದಕ್ಕೆ ಯಾವ ಮನುಷ್ಯರ ಹೆಸರನ್ನೂ ಇಟ್ಟಿಲ್ಲ. ಸೋಂಕಿನಲ್ಲಿ ಉಸಿರು ಹಾಗೆ ಏರುಪೇರಾಗುತ್ತದೆ, ತಂತ್ರಾಂಶ ಕೆಟ್ಟಿದ್ದೀತು, ವಾಸನೆ ನನ್ನ ಮನಸ್ಸಿನದ್ದಿದ್ದೀತು. ಒಂದೊಂದನ್ನೂ ಒಪ್ಪುತ್ತೇನೆ. ಆದರೆ ಆ ಕಾಗದದ ಖಾಲಿ ಜಾಗ?

ಕಾಕು ಮನೆಗೆ ಬಂದು ಮತ್ತೆ ಮಡಿಯಲ್ಲಿ ಅಡುಗೆ ಮಾಡುತ್ತಾರೆ. ನಾನು ಹೊಸ್ತಿಲ ಹೊರಗೆ ನಿಂತು ಉಪ್ಪು ಕೇಳಿದರೆ ಉಪ್ಪು, ತುಪ್ಪ ಕೇಳಿದರೆ ತುಪ್ಪ, ಒಳಗಿಂದ ಕೊಡುತ್ತಾರೆ. ಮೊನ್ನೆ ಅಲ್ಲೇ ನಿಂತು ಕೇಳಿದೆ:

“ಕಾಕು, ಅವತ್ತ ರಾತ್ರಿ ಕಾಕಾನ ಕಡೆ ಏನು ಕೇಳಿದ್ರಿ?”

ಕಾಕು ಉಪ್ಪಿನ ಬಟ್ಟಲನ್ನು ಹೊಸ್ತಿಲ ಮೇಲೆ ಇಟ್ಟು ಒಲೆಯ ಕಡೆ ತಿರುಗಿದರು.