ದ್ರಾಕ್ಷಿ ರಸಕ್ಕೆ ಅಂಗೈ ಒಡ್ಡಿದ್ದು

ನಾಪಾದಲ್ಲಿ ಹೊಳೆಯ ಪಕ್ಕ ತೆಗೆದ ಫೋಟೋದಲ್ಲಿ ನನ್ನ ಮುಂಗೂದಲು ಯಾಕೆ ಒದ್ದೆಯಾಗಿದೆ ಎಂದು ನೀವಿಬ್ಬರೂ ಕೇಳಿದ್ದಿರಿ. ಬಾಯಲ್ಲಿ ಹೇಳಲು ಸಂಕೋಚವಾಯಿತು, ಬರೆಯುತ್ತಿದ್ದೇನೆ.

ನಿಮ್ಮ ಧಾರವಾಡದ ಅಜ್ಜಿ, ಎಂದರೆ ನಿಮ್ಮಪ್ಪನ ಅಮ್ಮ, ಆಗಷ್ಟೇ ಇಲ್ಲಿಗೆ, ಅಮೆರಿಕಕ್ಕೆ, ಬಂದಿದ್ದರು. ಅವರು ಕಾಲೇಜಿನಲ್ಲಿ ಪಾಠ ಹೇಳಿದವರು. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು. ನಿಮ್ಮಪ್ಪನಿಗೆ ನನ್ನ ಮಗಳನ್ನು ಕೊಟ್ಟ ಮದುವೆಯ ದಿನ ಬಿಟ್ಟರೆ ನಾವಿಬ್ಬರೂ ಹತ್ತು ಮಾತು ಆಡಿರಲಿಲ್ಲ. ಬೀಗರ ಎದುರು ನಿಮ್ಮಮ್ಮ ತಲೆ ತಗ್ಗಿಸುವಂಥದ್ದು ನನ್ನಿಂದ ಏನೂ ಆಗಬಾರದು, ಅದೊಂದೇ ನನಗಿದ್ದ ಭಯ.

ನಿಮ್ಮನ್ನು ಡೇಕೇರಿಗೆ ಬಿಟ್ಟು ನಿಮ್ಮ ಮನೆಯಿರುವ ಸ್ಯಾನ್ ಮಟಿಯೋದಿಂದ ನಾಪಾಕ್ಕೆ ಹೊರಟೆವು. ನಾಪಾ ಹಳೆಯ ಊರು. ಹಿಂದೆ ಗಿರಣಿಯಾಗಿದ್ದ ಇಟ್ಟಿಗೆ ಕಟ್ಟಡ ಈಗ ಹೋಟೆಲು. ಸಮುದ್ರ ಉಬ್ಬಿದಾಗ ಹೊಳೆಯ ನೀರು ಹಿಂದಕ್ಕೆ ಹರಿಯುತ್ತದೆ ಎಂದು ನಿಮ್ಮಪ್ಪ ತೋರಿಸಿದರು. ಧಾರವಾಡದ ಅಜ್ಜಿ ಪ್ರಶ್ನೆ ಕೇಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ.

ಆಮೇಲೆ ವೈನಿನ ರುಚಿ ತೋರಿಸುವ ಅಂಗಡಿಗೆ ಹೋದೆವು. ವೈನು ನಿಮ್ಮಪ್ಪನಿಗೆ ಮಾತ್ರ. ಕಾರು ಓಡಿಸಬೇಕಿದ್ದ ನಿಮ್ಮಮ್ಮನಿಗೂ ನಮ್ಮಿಬ್ಬರಿಗೂ ದ್ರಾಕ್ಷಿ ರಸ. ಕೌಂಟರಿನ ಮುಂದೆ ಸಾಲಾಗಿ ನಿಂತಿದ್ದೆವು. ಆ ಕಡೆಯಿದ್ದ ಹುಡುಗಿ ಒಬ್ಬೊಬ್ಬರ ಮುಂದೆ ಬಂದು ಒಂದೊಂದು ಗುಟುಕಿನಷ್ಟೇ ಸುರಿಯುತ್ತಿದ್ದಳು. ನನ್ನ ಕಣ್ಣು ಕಿಟಕಿಯಾಚೆಯ ಹೊಳೆಯ ಮೇಲಿತ್ತು. ಸೀಸೆ ನನ್ನ ಮುಂದೆ ಬಂದಾಗ, ತೀರ್ಥಕ್ಕೆ ಒಡ್ಡುವ ಹಾಗೆ, ಎಡಗೈ ಮೇಲೆ ಬಲಗೈ ಇಟ್ಟು ಅಂಗೈ ಒಡ್ಡಿಬಿಟ್ಟೆ.

ಹುಡುಗಿಯ ಕೈ ನಿಂತಿತು.

"ಅಮ್ಮಾ, ಗ್ಲಾಸು!" ಎಂದಳು ನಿಮ್ಮಮ್ಮ. ಅವಳ ಮುಖ ಕೆಂಪಗಾಗಿತ್ತು. ಕೈ ಹಿಂದಕ್ಕೆ ತೆಗೆದುಕೊಳ್ಳಲೂ ನನಗೆ ತೋಚಲಿಲ್ಲ.

ಅಷ್ಟರಲ್ಲಿ ಇನ್ನೊಂದು ಅಂಗೈ ನನ್ನ ಅಂಗೈ ಪಕ್ಕಕ್ಕೆ ಬಂತು. "ಹಾಕವಾ ತಂಗಿ, ನನಗೂ ಹಾಂಗ ಹಾಕು" ಎಂದರು ಧಾರವಾಡದ ಅಜ್ಜಿ, ಕನ್ನಡದಲ್ಲೇ.

"ಅತ್ತೆ, ನೀವೂನಾ?"

"ಯಾಕ, ಆಕಿಗೆ ಎರಡು ಗ್ಲಾಸು ತೊಳಿಯೂದು ತಪ್ಪಿತಲ್ಲ!"

ನಿಮ್ಮಮ್ಮನಿಗೂ ನಗು ಬಂತು. ನಿಮ್ಮಪ್ಪ ಹುಡುಗಿಗೆ ಇಂಗ್ಲಿಷಿನಲ್ಲಿ ಏನೋ ವಿವರಿಸಿದರು. ಅವಳು ನಿಧಾನವಾಗಿ ಇಬ್ಬರ ಅಂಗೈಗೂ ಸುರಿದಳು. ಕುಡಿದು, ಅಭ್ಯಾಸದಂತೆ ಕೈಯನ್ನು ತಲೆಗೆ ಸವರಿಕೊಂಡೆ.

ಹೊರಗೆ ಬರುವಷ್ಟರಲ್ಲಿ ಕೂದಲೆಲ್ಲ ಅಂಟಂಟು. ಧಾರವಾಡದ ಅಜ್ಜಿ ನನ್ನನ್ನು ಹೊಳೆ ಪಕ್ಕದ ಬೆಂಚಿನ ಮೇಲೆ ಕೂರಿಸಿ, ಬಾಟಲಿಯ ನೀರು ಹಾಕಿ ತಾವೇ ತೊಳೆದರು.

"ಅಲ್ಲಾಡಬ್ಯಾಡ್ರಿ, ಬೀಗರ."

"ನೀವು ಜಾಣರು, ತಲೆಗೆ ಸವರ್ಕೊಳ್ಳಲಿಲ್ಲ" ಎಂದೆ. ಆ ದಿನ ಅವರೊಡನೆ ನಾನಾಗಿ ಆಡಿದ ಮೊದಲ ಮಾತು ಅದು.

"ನಾ ಸೀರಿಗೆ ಒರಸಿಕೊಂಡೇನಿ. ಯಾರಿಗೂ ಹೇಳಬ್ಯಾಡ್ರಿ" ಎಂದು ಸೆರಗಿನ ಕಲೆ ತೋರಿಸಿದರು.

ನಿಮ್ಮಪ್ಪ ಫೋಟೋ ತೆಗೆದದ್ದು ಆಗಲೇ. ಅದರಲ್ಲಿ ಅವರು ಸೆರಗನ್ನು ಮುದುರಿ ಹಿಡಿದಿದ್ದಾರೆ, ನೋಡಿ.