ಪೆಟ್ಟಿಗೆಯಲ್ಲಿದ್ದ ಖಾಕಿ

ಅರವತ್ತರ ದಶಕದ ಆರಂಭದಲ್ಲಿ ನಾನು ಹೊಳೆನರಸೀಪುರದ ಒಂದು ಅಕ್ಕಿ ಮಿಲ್ಲಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದೆ. ಎಂಜಿನ್ನಿನಿಂದ ಭತ್ತ ಹೊಡೆಯುವ ಯಂತ್ರಕ್ಕೆ ಉದ್ದನೆಯ ಚರ್ಮದ ಬೆಲ್ಟ್ ಓಡುತ್ತಿತ್ತು. ಅದು ಜಾರಿದಾಗ ಮತ್ತೆ ಚಕ್ರಕ್ಕೆ ಏರಿಸುವುದು ನನ್ನ ಸೋದರಮಾವನ ಕೆಲಸ. ಎಂಜಿನ್ ನಿಲ್ಲಿಸಿ ಏರಿಸಬೇಕೆಂಬುದು ನಿಯಮ. ಆದರೆ ನಿಲ್ಲಿಸಿದರೆ ಮತ್ತೆ ಹೊರಡಿಸಲು ಇಬ್ಬರು ಬೆವರು ಸುರಿಸಬೇಕು. ಎಂಜಿನ್ನಿಗೆ ಹಠ ಬಂದರೆ ಊಟದ ಹೊತ್ತಾಗುತ್ತಿತ್ತು. ಸುಗ್ಗಿಯಲ್ಲಿ ಗೇಟಿನ ಆಚೆ ಗಾಡಿಗಳ ಸಾಲು, ಗೇಟಿನ ಒಳಗೆ ಮಿಲ್ಲಿನ ಸಾಹುಕಾರರ ಬಾಯಿ. ಹಾಗಾಗಿ ಬೆಲ್ಟ್ ಓಡುತ್ತಿರುವಾಗಲೇ ಮಾವ ಕೋಲಿನಿಂದ ಒತ್ತಿ ಏರಿಸುತ್ತಿದ್ದರು.

ಒಂದು ದಿನ ಹಾಸನದಿಂದ ಕಾರ್ಖಾನೆ ಇನ್‌ಸ್ಪೆಕ್ಟರ್ ಬಂದರು. ನಮ್ಮ ಪಂಚೆಗಳನ್ನು ನೋಡಿ, ಜೋಲಾಡುವ ಬಟ್ಟೆ ಬೆಲ್ಟಿಗೆ ಸಿಕ್ಕರೆ ಜೊತೆಗೆ ಆಳೂ ಹೋಗುತ್ತಾನೆ ಎಂದರು. ಸಾಹುಕಾರರು ಮಿಲ್ಲಿನ ನಾಲ್ವರು ಆಳುಗಳಿಗೂ ಖಾಕಿ ಚಡ್ಡಿ, ಅರ್ಧ ತೋಳಿನ ಅಂಗಿ ಹೊಲಿಸಿಕೊಟ್ಟರು. ಅಷ್ಟು ಒಳ್ಳೆಯ ಬಟ್ಟೆ ಅದುವರೆಗೆ ನಮ್ಮ ಮೈಮೇಲೆ ಬಿದ್ದಿರಲಿಲ್ಲ. ಮನೆಗೆ ಒಯ್ದು, ಮೂಲೆಗೆ ಅರಿಶಿನ ಹಚ್ಚಿ, ದೇವರ ಮುಂದಿಟ್ಟು, ಪೆಟ್ಟಿಗೆಗೆ ಹಾಕಿದೆವು. ನಾಲ್ವರೂ ಅದನ್ನೇ ಮಾಡಿದ್ದೆವು, ಮಾತಾಡಿಕೊಂಡು ಮಾಡಿದ್ದಲ್ಲ.

"ಆಕ್ಕೊಳಾಕಿಲ್ವಾ ಮಾಮ?" ಎಂದು ಕೇಳಿದೆ.

"ತೌಡ್ನಲ್ಲಿ ಒದ್ದಾಡಾಕೆ ಇಂತಾ ಬಟ್ಟೇನೇನ್ಲಾ? ಮಗ್ಳನ್ನ ಕೊಣನೂರ್ಗೆ ಕೊಡ್ತಾ ಇವ್ನಿ. ಬೀಗ್ರ ಮನೆಗೆ ಓಗಾಕೆ ಬ್ಯಾಡ್ವಾ?"

ನಾನು ನನ್ನದನ್ನು ತೊಟ್ಟು ಅರಕಲಗೂಡಿಗೆ ಹೆಣ್ಣು ನೋಡಲು ಹೋದೆ. ಹುಡುಗಿಯ ತಂದೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಏನು ಕೇಸು ಎಂದು ವಿಚಾರಿಸಿದರು.

ಅದೇ ಸುಗ್ಗಿಯಲ್ಲಿ ಮಾವನ ಪಂಚೆ ಬೆಲ್ಟಿಗೆ ಸಿಕ್ಕಿತು. ತೇಪೆಯ ಮೇಲೆ ತೇಪೆ ಕಂಡಿದ್ದ ಪಂಚೆ ಪರ್ರೆಂದು ಹರಿದು ಬೆಲ್ಟಿನ ಜೊತೆ ಹೋಯಿತು. ಮಾವ ಲಂಗೋಟಿಯಲ್ಲಿ ನಿಂತಿದ್ದರು. ನಾವು ನಕ್ಕು ನಕ್ಕು ಸುಸ್ತಾದೆವು.

"ಖಾಕಿ ಆಗಿದ್ರೆ ಅರ್ದೋಯ್ತಿತ್ತೇನ್ರಲಾ? ನನ್ನೂ ಎಳ್ಕಂಡೋಗದು ಕಣ್ರಲಾ," ಎಂದರು.

ಎಲ್ಲರೂ ತಲೆಯಾಡಿಸಿದೆವು. ಅಂದಿನಿಂದ ಮಿಲ್ಲಿಗೆ ಬರುವಾಗ ಇದ್ದುದರಲ್ಲಿ ಹಳೆಯ ಪಂಚೆ ಹುಡುಕಿ ಉಡುವುದು ನಮ್ಮ ಸುರಕ್ಷತೆಯ ಕ್ರಮವಾಯಿತು.

ಮಗಳ ಮದುವೆಗೆ ಮಾವ ಒಂದು ವಾರ ರಜೆ ಹಾಕಿದರು. ರಜೆ ಇನ್ನೂ ಮುಗಿದಿರಲಿಲ್ಲ, ಒಂದು ಬೆಳಿಗ್ಗೆ ನಮಗೆ ಕಜ್ಜಾಯ ಕೊಡಲು ಮಿಲ್ಲಿಗೆ ಬಂದರು. ಬೀಗರು ಉಡುಗೊರೆ ಕೊಟ್ಟ ಹೊಸ ಪಂಚೆ ಉಟ್ಟಿದ್ದರು. ಅದೇ ಹೊತ್ತಿಗೆ ಬೆಲ್ಟ್ ಜಾರಿತು. ಅವರ ಬದಲಿಗೆ ಬಂದವನು ಎರಡು ಸಲ ಪ್ರಯತ್ನಿಸಿದರೂ ಏರಿಸಲು ಆಗಲಿಲ್ಲ. ಗೇಟಿನ ಹತ್ತಿರದಿಂದ ಸಾಹುಕಾರರು ಕೂಗಾಡುತ್ತಿದ್ದರು. ಎಂಜಿನ್ ನಿಲ್ಲಿಸುವ ಹಿಡಿ ನನ್ನ ಕೈಯಲ್ಲೇ ಇತ್ತು.

"ಮಾಮ, ಒಂದ್ಕಿತ ಏರಿಸ್ಕೊಟ್ಬುಡು," ಎಂದೆ.

"ಕಜ್ಜಾಯ ಇಡ್ಕೊಳ್ಲಾ," ಎಂದು ಗಂಟು ನನಗೆ ಕೊಟ್ಟು ಹೋದರು.

ಹೊಸ ಪಂಚೆ ಹರಿಯಲಿಲ್ಲ.

ಹಾಸನದ ಆಸ್ಪತ್ರೆಯಲ್ಲಿ ಎಡಗೈಯನ್ನು ಮೊಣಕೈಗಿಂತ ಸ್ವಲ್ಪ ಮೇಲೆ ಕತ್ತರಿಸಿ ತೆಗೆದರು. ಆ ಮಾತಾಡುವ ಮೊದಲೇ ನನ್ನ ನಾಲಗೆ ಬಿದ್ದುಹೋಗಬಾರದಿತ್ತೇ ಎಂದು ಇವತ್ತಿಗೂ ಅನ್ನಿಸುತ್ತದೆ. ಮಾವ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸಾಹುಕಾರರು ಅವರನ್ನು ಗೇಟು ಕಾಯಲು ಇಟ್ಟುಕೊಂಡರು. ಗೇಟಿನವನಿಗೆ ಉಡುಪು ಬೇಕೆಂದು ಅತ್ತೆ ಪೆಟ್ಟಿಗೆಯಿಂದ ಖಾಕಿ ತೆಗೆದುಕೊಟ್ಟರು. ಅರಿಶಿನ ಇನ್ನೂ ಮಾಸಿರಲಿಲ್ಲ. ಅರ್ಧ ತೋಳಿನ ಅಂಗಿಯಾದ್ದರಿಂದ ಎಡಗಡೆಗೂ ಅಳತೆ ಸರಿಹೋಯಿತು.

ಮುಂದಿನ ಸಲ ಬಂದ ಇನ್‌ಸ್ಪೆಕ್ಟರಿಗೆ ಗೇಟಿನಲ್ಲೇ ಖಾಕಿ ಕಂಡು ಸಂತೋಷವಾಯಿತು. "ಅಂತೂ ಒಬ್ಬರಾದರೂ ಹಾಕಿಕೊಂಡಿರಲ್ಲ," ಎಂದರು. ಆಮೇಲೆ ಅವರ ಕಣ್ಣು ತೋಳಿನ ಮೇಲೆ ಬಿತ್ತು.

ಮಾವ ಬಲಗೈಯಿಂದ ಸಲಾಮು ಹೊಡೆದು ನನ್ನ ಕಡೆ ತೋರಿಸಿದರು. "ನಮ್ಮ ಅಳಿಯಂದೂ ಪೆಟ್ಗೇಲೈತೆ ಸಾ. ಒಸಿ ಬುದ್ಧಿ ಏಳಿ."

ಮಾರನೆಯ ದಿನದಿಂದ ತೊಟ್ಟೆ. ತೌಡು ಹತ್ತಿ, ಎಂಜಿನ್ನಿನ ಎಣ್ಣೆ ಬಿದ್ದು, ಎರಡೇ ದಿನದಲ್ಲಿ ಬಟ್ಟೆ ಹಾಳಾಯಿತು.