ರಕ್ತ ತೊಳೆಯುವ ಅಕ್ಕ

“ರಕ್ತ ಅಂದ್ರೆ ಬರೀ ಕೆಂಪು ನೀರು ಅಂದ್ಕೋಬೇಡಿ. ಅದರ ತುಂಬ ಕಣ್ಣಿಗೆ ಕಾಣದ ಪುಟ್ಟ ಪುಟ್ಟ ಚೀಲ, ಕಣ ಅಂತಾರಲ್ಲ, ಅವು. ಒಂದೊಂದಕ್ಕೂ ಕೊಬ್ಬಿನದೊಂದು ಪೊರೆ, ಎರಡು ಪದರದ್ದು. ಆ ಪೊರೆಯಲ್ಲಿ ಸಣ್ಣ ಸಣ್ಣ ಬಾಗಿಲು. ಸಕ್ಕರೆಗೊಂದು, ಉಪ್ಪಿಗೊಂದು, ಕಂಡಕಂಡವರನ್ನೆಲ್ಲ ಒಳಗೆ ಬಿಡಲ್ಲ. ನೀರು ಮಾತ್ರ ನಮ್ಮ ನಾದಿನಿ ಥರ, ಹೇಳದೆ ಕೇಳದೆ ಬಂದುಬಿಡುತ್ತೆ. ಹೊರಗೂ ಒಳಗಿನಷ್ಟೇ ಉಪ್ಪಿದ್ರೆ ಪರವಾಗಿಲ್ಲ, ಬಂದಷ್ಟು ವಾಪಸ್ಸೂ ಹೋಗುತ್ತೆ. ಬರೀ ನೀರಿಗೆ ಹಾಕಿದಿರೋ, ನುಗ್ಗಿ ನುಗ್ಗಿ ಕಣ ಉಬ್ಬಿ, ಪೊರೆ ಹರಿದು, ಬಣ್ಣವೆಲ್ಲ ಹೊರಗೆ. ಅದಕ್ಕೇ ರಕ್ತದ ಕಣ ತೊಳೆಯೋಕೆ ಉಪ್ಪುನೀರೇ ಆಗಬೇಕು.”

ಇಪ್ಪತ್ತೊಂಬತ್ತು ವರ್ಷದಿಂದ ಹೊಸಬರಿಗೆಲ್ಲ ಈ ಪಾಠ ಹೇಳಿಕೊಡುತ್ತ ಬಂದವಳು ಆಸ್ಪತ್ರೆಯ ರಕ್ತನಿಧಿಯ ಅಕ್ಕ. ರಕ್ತ ಕೊಡುವ ಮುಂಚೆ ಅದು ರೋಗಿಗೆ ಹೊಂದುತ್ತದೋ ಇಲ್ಲವೋ ನೋಡುವುದು ಅವಳ ಕೆಲಸ.

ಆ ದಿನ ಅವಳಿಗೆ ಬೆನ್ನುಬೆನ್ನಿಗೆ ಎರಡನೇ ಪಾಳಿ. ಕಾಲು ಊದಿ ಚಪ್ಪಲಿಯ ಪಟ್ಟಿ ಕಚ್ಚುತ್ತಿತ್ತು. ಬಾಣಂತಿಯೊಬ್ಬಳಿಗೆ ರಕ್ತಸ್ರಾವ ನಿಂತಿರಲಿಲ್ಲ; ಅವಳ ಗುಂಪಿನ ರಕ್ತ ಉಳಿದಿದ್ದು ಒಂದೇ ಬ್ಯಾಗು. ಅಕ್ಕ ಅದರ ಕಣ ತೊಳೆದು, ಬಾಣಂತಿಯ ರಕ್ತದ ತಿಳಿಗೆ, ಅಂದರೆ ಕಣ ತೆಗೆದ ಮೇಲೆ ಉಳಿಯುವ ನೀರಿಗೆ, ಬೆರೆಸಿದಳು. ಗಾಜಿನ ಕೊಳವೆಯಲ್ಲಿದ್ದದ್ದು ಷರಬತ್ತಿನ ಹಾಗೆ ತಿಳಿಗೆಂಪಾಯಿತು. ಕಣ ಒಡೆದಿವೆ, ಅಂದರೆ ಹೊಂದುವುದಿಲ್ಲ. ಬಾಣಂತಿಯ ಅಣ್ಣನಿಗೆ ಹಾಗೇ ಹೇಳಿ, ಬೇರೆ ಕಡೆ ರಕ್ತ ಹುಡುಕಲು ಕಳಿಸಿದಳು.

ಪುಸ್ತಕದಲ್ಲಿ ಬರೆಯುವಾಗ, ತಾಳೆ ನೋಡಲು ಇಟ್ಟಿದ್ದ ಪಕ್ಕದ ಕೊಳವೆ ಕಣ್ಣಿಗೆ ಬಿತ್ತು. ಅದರಲ್ಲಿದ್ದದ್ದು ಬಾಣಂತಿಯದೇ ಕಣ, ಅವಳದೇ ತಿಳಿ. ಅದೂ ಷರಬತ್ತು! ಅವಳ ರಕ್ತ ಅವಳಿಗೇ ಆಗದೆ ಹೋಯಿತೇ? ಕಣ ತೊಳೆಯಲು ಬಳಸಿದ್ದ ಬಾಟಲಿ ತಿರುಗಿಸಿ ಚೀಟಿ ಓದಿದಳು. ಉಪ್ಪುನೀರಲ್ಲ, ಗಾಜು ಜಾಲಿಸುವ ಬರೀ ನೀರು. ನೋಡಿದವರು ಯಾರೂ ಇರಲಿಲ್ಲ.

ಅಕ್ಕ ಊದಿದ ಕಾಲಲ್ಲೇ ಗೇಟಿನ ತನಕ ಓಡಿದಳು. “ತಮ್ಮಾ, ನಿಲ್ಲಪ್ಪ! ತಪ್ಪು ನಂದು. ಇನ್ನೊಂದ್ಸಲ ನೋಡ್ತೀನಿ.”

“ಆಗ ಹೊಂದಲ್ಲ ಅಂದ್ರಿ, ಈಗ ನೋಡ್ತೀನಿ ಅಂತೀರಿ. ಯಾವುದನ್ನ ನಂಬಲಿ?”

“ನನ್ನ ನಂಬಬೇಡ. ಡಾಕ್ಟರೇ ಎದುರು ನಿಂತು ನೋಡ್ತಾರೆ.”

ಡಾಕ್ಟರಮ್ಮ ನಿಂತು ನೋಡಿದರು. ಉಪ್ಪುನೀರಲ್ಲಿ ತೊಳೆದ ಕಣ ಒಡೆಯಲಿಲ್ಲ, ಅಂಟಿಕೊಳ್ಳಲೂ ಇಲ್ಲ; ರಕ್ತ ಹೊಂದಿತು. ನರ್ಸ್ ಬ್ಯಾಗು ತಗೊಂಡು ಮೆಟ್ಟಿಲೇರಿದಳು, ಹಿಂದೆಯೇ ಅಣ್ಣ.

“ಸುಸ್ತಾಗಿದ್ರೆ ರಜೆ ಹಾಕಬೇಕಿತ್ತಲ್ಲ ಅಕ್ಕ,” ಅಂದರು ಡಾಕ್ಟರಮ್ಮ.

“ಹಾಕಿದ್ದೆ. ಆಗಲ್ಲ ಅಂದೋರು ನೀವೇ.”

ಡಾಕ್ಟರಮ್ಮ ಪುಸ್ತಕಕ್ಕೆ ಸಹಿ ಹಾಕಿದರು. “ನಾಳೆಯಿಂದ ಪರೀಕ್ಷೆ ಬೇರೆಯವರು ಮಾಡ್ಲಿ. ನೀವು ಗಾಜು ತೊಳೆಯೋದು ನೋಡ್ಕೊಳ್ಳಿ.”

“ನಾಳೆ ತನಕ ಯಾಕೆ,” ಅಂದಳು ಅಕ್ಕ. ಕೋಟಿನ ತೋಳು ಮಡಚಿ, ನಲ್ಲಿ ತಿರುಗಿಸಿ, ಬುಟ್ಟಿಯಲ್ಲಿದ್ದ ಕೊಳವೆಗಳನ್ನು ಒಂದೊಂದಾಗಿ ತಿಕ್ಕತೊಡಗಿದಳು.